ಗಡ್ಡೆ ತೆಗೀರಿ, ಚೀಲ ಇರಲಿ

ಬೀಡಿ ಎಂಬ ಊರಿನ ಮಾಯಕ್ಕನ ಗರ್ಭಚೀಲವನ್ನು ಆಕೆಯನ್ನು ಕೇಳದೆ ತೆಗೆದರು. ಆಗ ಆಕೆಗೆ ಇಪ್ಪತ್ತಾರು ವರ್ಷ. ಕಾಗದಕ್ಕೆ ಸಹಿ ಹಾಕಿದವನು ಗಂಡ.

ಈಗ ತಂಗಿ ಸಪ್ನಾಳ ಸರದಿ. ಮದುವೆಯಾಗಿದೆ, ಮಕ್ಕಳಾಗಿಲ್ಲ. ಮುಟ್ಟು ನಿಲ್ಲುತ್ತಲೇ ಇರಲಿಲ್ಲ. ಮುಟ್ಟಾದವಳು ಕುರಿದೊಡ್ಡಿಗೆ ಕಾಲಿಡಬಾರದೆಂಬುದು ಗಂಡನ ಮನೆಯ ಕಟ್ಟಳೆ. ತಾನು ಹೊರಗೆ ಕುಳಿತರೆ ಈದ ಕುರಿಗಳನ್ನು ನೋಡುವವರಾರು? ಸಪ್ನಾ ರಕ್ತ ಹೋಗುವುದನ್ನು ಮುಚ್ಚಿಟ್ಟೇ ದುಡಿದಳು. ಒಂದು ದಿನ ದೊಡ್ಡಿಯಲ್ಲೇ ತಲೆಸುತ್ತಿ ಬಿದ್ದಳು.

ಖಾನಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಸ್ಕ್ಯಾನಿಂಗ್ ಆಯಿತು. ಗರ್ಭಚೀಲದಲ್ಲಿ ತೆಂಗಿನಕಾಯಿಯಷ್ಟು ಗಡ್ಡೆ. ಚೀಲವನ್ನೇ ತೆಗೆಯಬೇಕು, ದಿನ ಗೊತ್ತುಮಾಡಿ ಫೋನ್ ಮಾಡುತ್ತೇವೆ ಎಂದರು.

"ತಗಸಿಬಿಡು ಯವ್ವಾ," ಅತ್ತೆ ಸಿದ್ದಕ್ಕ ಅಂಗಲಾಚಿದಳು. "ಕ್ಯಾನ್ಸರ್ ಆದ್ರ ಏನ್ ಗತಿ? ಮೊಮ್ಮಕ್ಕಳು ಆಗದಿದ್ರ ಬ್ಯಾಡ, ನೀ ಉಳಿಬೇಕು."

ಸುದ್ದಿ ಕೇಳಿ ಓಡಿಬಂದ ಮಾಯಕ್ಕ ಸಿಡಿದಳು. "ನನ್ನ ಗಂಡನ್ನೂ ಹಿಂಗ ಹೆದರಿಸಿ ಸಹಿ ಹಾಕಿಸ್ಕೊಂಡ್ರು, ಅತ್ತಿ. ಬೆಳಗಾವಿಯಾಗ ಇನ್ನೊಬ್ರನ್ನ ಕೇಳೂಣು ನಡೀರಿ. ಅಷ್ಟರಾಗ ನಿಮ್ಮ ಕುರಿ ಏನ್ ಗ್ವಾಡಿ ಹಾರಿ ಓಡಿಹೋಗೂದಿಲ್ಲ."

ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಶುಭದಾ ಸ್ಕ್ಯಾನಿಂಗ್ ಚಿತ್ರ ನೋಡಿದರು, ಸಪ್ನಾಳನ್ನೂ ಪರೀಕ್ಷಿಸಿದರು.

"ಕುಂದರ್ರಿ ಅಮ್ಮಾರ. ಇಂಥಾ ಗಡ್ಡಿ ಬಾಳ ಹೆಂಗಸರಿಗೆ ಆಗ್ತಾವ. ಕ್ಯಾನ್ಸರ್ ಇರೂದು ಬಾಳ ಅಪರೂಪ."

"ಇಷ್ಟ ದೊಡ್ಡದೈತಿ. ಚೀಲ ಬಿಟ್ಟು ಗಡ್ಡಿ ಅಷ್ಟ ಹೆಂಗ ತಗೀತೀರಿ?" ಸಿದ್ದಕ್ಕ ಬಿಡಲಿಲ್ಲ.

"ಗಡ್ಡಿ ಬಿಡಿಸಿ ತಗದು ಚೀಲ ಹೊಲೀತೀವ್ರಿ. ಕೆಲವರಿಗೆ ಗುಳಿಗಿಯಿಂದ ರಕ್ತ ಹೋಗೂದು ಕಡಿಮಿ ಆಗತೈತಿ. ಕೆಲವರಿಗೆ ಸಣ್ಣ ನಳಿಗಿ ಹಾಕಿ ಗಡ್ಡಿಗೆ ಹೋಗೂ ರಕ್ತ ನಿಲ್ಲಿಸ್ತೀವಿ, ಅದು ಕುಗ್ಗತೈತಿ. ಸಪ್ನಾಗ ಮಕ್ಕಳು ಬೇಕಲ್ಲ, ಗಡ್ಡಿ ಅಷ್ಟ ತಗಿಯೂದು ಚಲೋ. ಮೊದಲ ಮೈಯಾಗಿನ ರಕ್ತ ಹೆಚ್ಚಿಸೂಣು. ಗಡ್ಡಿ ಮತ್ತ ಬರಬಹುದು, ತಪಾಸಣಿ ತಪ್ಪಿಸಬ್ಯಾಡ್ರಿ. ಕೆಲವರಿಗೆ ಚೀಲ ತಗೀಲೇಬೇಕಾಗತೈತಿ ಖರೇ. ಇಕಿಗೆ ಈಗ ಹಂಗೇನಿಲ್ಲ."

ಸಪ್ನಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಇದನ್ನ ಖಾನಾಪುರದಾಗ ಹೇಳಾಕ ಅವರಿಗೆ ಬಾಯಿ ಇರಲಿಲ್ಲೇನ?" ಸಿದ್ದಕ್ಕ ಸೊಸೆಯ ಬೆನ್ನು ಸವರಿದಳು.

ಅಕ್ಕತಂಗಿಯರೇ, ರಕ್ತ ಹೆಚ್ಚು ಹೋದರೆ ಮುಚ್ಚಿಡಬೇಡಿ. ಗಡ್ಡೆ ಎಂದ ಕೂಡಲೇ ಚೀಲ ಒಪ್ಪಿಸಬೇಡಿ. ಬೇರೆ ಚಿಕಿತ್ಸೆ ಏನೇನಿದೆ ಎಂದು ಕೇಳಿ, ಇನ್ನೊಬ್ಬ ತಜ್ಞರಿಗೆ ತೋರಿಸಿ. ದೇಹ ನಿಮ್ಮದು, ತೀರ್ಮಾನ ಇನ್ನೊಬ್ಬರದು ಹೇಗಾದೀತು? ಸಪ್ನಾಳನ್ನೇ ನೋಡಿ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಖಾನಾಪುರದ ದವಾಖಾನೆಯಿಂದ ಫೋನ್ ಬಂತು. ನಾಳೆಯೇ ಆಪರೇಷನ್, ಉಪವಾಸ ಬಾ ಎಂದರು.

"ಬರಂಗಿಲ್ರಿ," ಎಂದಳು ಸಪ್ನಾ. "ಗಡ್ಡಿ ಅಷ್ಟ ತಗಸ್ತೀನಿ. ಚೀಲ ಕೊಡಂಗಿಲ್ಲ."