ನಾಳೆಯ ಸೀಲು

"ಅಣ್ಣಾ, ಮುಚ್ಬೇಡಿ, ಒಂದು ನಿಮಿಷ!"

ಗುಮಾಸ್ತ ನ್ಯಾಯಾಲಯದ ದೂರು ಸ್ವೀಕರಿಸುವ ಕಿಟಕಿಯ ಷಟರನ್ನು ಅರ್ಧಕ್ಕೆ ಇಳಿಸಿದ್ದ. ವರಾಂಡದ ಆ ತುದಿಯಿಂದ ಹೆಂಗಸೊಬ್ಬಳು ಕಾಗದದ ಕಟ್ಟನ್ನು ಎದೆಗೆ ಅವುಚಿಕೊಂಡು ಓಡಿಬಂದಳು. ಹಿಂದೆಯೇ ಬಂದ ಅವಳ ತಂಗಿ ಗೋಡೆಗೆ ಒರಗಿ ಏದುಸಿರು ಬಿಡತೊಡಗಿದಳು. ಆಕೆ ಅಂಗಿಯ ಖಾಲಿ ಬಲತೋಳನ್ನು ಮಡಚಿ ಪಿನ್ನು ಚುಚ್ಚಿಕೊಂಡಿದ್ದಳು.

"ಇವತ್ತೇ ಕೊನೇ ದಿನ ಅಂತ ವಕೀಲರು ಹೇಳಿದ್ರು ಅಣ್ಣಾ. ಹಾಳಾದ ಬಸ್ಸು ದಾರೀಲೇ ಕೆಟ್ಟು ನಿಂತ್ಕೊಳ್ತು. ನಿಮ್ಮ ದಮ್ಮಯ್ಯ, ತಗೊಳ್ಳಿ."

"ಗಾಬರಿ ಆಗ್ಬೇಡಿ ತಾಯಿ. ಮುಚ್ಚೋಕೆ ಇನ್ನೂ ಹೊತ್ತಿದೆ. ನಾನೇ ಸ್ವಲ್ಪ ಅವಸರ ಮಾಡ್ದೆ," ಎಂದು ಗುಮಾಸ್ತ ಷಟರನ್ನು ಮತ್ತೆ ಮೇಲಕ್ಕೆತ್ತಿದ.

ನಿಂತಲ್ಲೇ ಹಾಳೆಗಳನ್ನು ಮಗುಚಿ ನೋಡಿದ. ತಂಗಿ ಲಾಂಡ್ರಿಯೊಂದರಲ್ಲಿ ಬಟ್ಟೆ ಒತ್ತುವ ಯಂತ್ರದ ಮುಂದೆ ನಿಲ್ಲುತ್ತಿದ್ದವಳು. ಕೆಲಸ ಬೇಗ ಸಾಗಲಿ ಎಂದು ಮಾಲೀಕ ಯಂತ್ರದ ತಡೆಗಂಬಿಯನ್ನು ಬಿಚ್ಚಿಸಿದ್ದ. ಬಟ್ಟೆಯ ಜೊತೆ ಕೈಯೂ ಒಳಗೆ ಹೋಯಿತು. ಅಂದಿನಿಂದ ಪೊಲೀಸ್ ಠಾಣೆಯವರು ಇವತ್ತು ಬನ್ನಿ, ನಾಳೆ ಬನ್ನಿ ಎಂದು ಅಕ್ಕನ ಚಪ್ಪಲಿ ಸವೆಸಿದ್ದರೇ ಹೊರತು ಏನೂ ಮಾಡಿರಲಿಲ್ಲ. ಕಡೆಗೆ ಅವಳೇ ನೇರವಾಗಿ ನ್ಯಾಯಾಲಯಕ್ಕೆ ಬಂದಿದ್ದಳು. ಇಂಥ ಅಪರಾಧಕ್ಕೆ ಕಾನೂನು ಒಂದು ಗಡುವು ಇಟ್ಟಿದೆ. ಆ ಗಡುವಿನೊಳಗೆ ಮೊಕದ್ದಮೆ ಶುರುವಾಗಬೇಕು. ಶುರುವಾಗುವುದೆಂದರೆ ಕೈ ಹೋದ ದಿನವಲ್ಲ, ಠಾಣೆಯ ಮೆಟ್ಟಿಲು ಹತ್ತಿದ ದಿನವೂ ಅಲ್ಲ. ದೂರು ಈ ಕಿಟಕಿಯೊಳಗೆ ಬಂದ ದಿನ.

ಗುಮಾಸ್ತ ಸೀಲನ್ನು ಮಸಿಗೆ ಒತ್ತಿ ದೂರಿನ ಮೇಲೊಂದು, ಅವಳ ಪ್ರತಿಯ ಮೇಲೊಂದು ಹೊಡೆದ.

"ಶುರುವಾಯ್ತಾ ಅಣ್ಣಾ?"

"ಶುರುವಾಯ್ತು ತಾಯಿ. ಇನ್ನು ನಿಶ್ಚಿಂತೆಯಿಂದ ಹೋಗಿ."

"ಶುರುವಾಯ್ತಂತೆ ಕಣೇ," ಎಂದು ಅವಳು ತಂಗಿಯ ಕಡೆ ತಿರುಗಿದಳು. ತಂಗಿ ಎಡಗೈಯಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ನಿಧಾನವಾಗಿ ಹೊರಟುಹೋದರು.

ಗುಮಾಸ್ತ ದಿನದ ವಾಡಿಕೆಯಂತೆ ಸೀಲಿನ ತಾರೀಖಿನ ಗಾಲಿಯ ಮೇಲೆ ಹೆಬ್ಬೆರಳಿಟ್ಟ. ಗಾಲಿಯನ್ನು ಆಗಲೇ ತಿರುಗಿಸಿಯಾಗಿತ್ತು.

ಪ್ರತಿದಿನ ಸಂಜೆ ಷಟರಿಗೆ ಕೈ ಹಾಕುವ ಮೊದಲು ಅವನು ಸೀಲಿನಲ್ಲಿ ಮರುದಿನದ ತಾರೀಖು ಕೂರಿಸಿಬಿಡುತ್ತಿದ್ದ. ಕಚೇರಿಗೆಲ್ಲ ಗೊತ್ತಿದ್ದ ವಿಷಯ ಅದು. ಯಾಕೆಂದು ಕೇಳಿದರೆ, ಬೆಳಿಗ್ಗೆ ನೂಕುನುಗ್ಗಲಲ್ಲಿ ಮರೆತುಹೋಗಬಾರದಲ್ಲ ಎನ್ನುತ್ತಿದ್ದ. ಜವಾನ ಅವನಿಗೆ 'ನಾಳೆ ಸಾಹೇಬರು' ಎಂದು ಹೆಸರಿಟ್ಟಿದ್ದ. "ನಾಳೆ ಸಾಹೇಬ್ರೇ, ನಾಳೆ ಮಳೆ ಬರುತ್ತಾ?" ಎಂದು ಕೇಳಿ ನಗುತ್ತಿದ್ದ. ಗುಮಾಸ್ತನೂ ನಗುತ್ತಿದ್ದ. ಈಗ ಗಡುವು ಮುಗಿದ ಮರುದಿನದ ತಾರೀಖು ಆ ಅಕ್ಕತಂಗಿಯರ ದೂರಿನ ಮೇಲೆ ಕಪ್ಪಗೆ, ಸ್ಪಷ್ಟವಾಗಿ ಕೂತಿತ್ತು.

ಅವನು ಬಾಗಿಲವರೆಗೆ ಓಡಿದ. ಅವರು ಹತ್ತಿದ ಬಸ್ಸು ಹೊರಟುಹೋಗಿತ್ತು.

ಆ ಸಂಜೆ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಟಿವಿಗಾದರೂ ಹೇಳೋಣವೆಂದರೆ ಅದು ತನ್ನ ಪಾಡಿಗೆ ತಾನು ಸುದ್ದಿ ಓದುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಯಾರೂ ತನ್ನನ್ನು ಕೇಳುವುದಿಲ್ಲ, ದೂರು ತಡವಾಯಿತೆಂದು ಅದರ ಪಾಡಿಗೆ ಅದು ಬಿದ್ದುಹೋಗುತ್ತದೆ ಎಂಬ ಯೋಚನೆಯೂ ಒಮ್ಮೆ ಬಂತು. ಪಿನ್ನು ಚುಚ್ಚಿದ ಆ ತೋಳು ಕಣ್ಣಮುಂದಿನಿಂದ ಕದಲಲಿಲ್ಲ.

ಬೆಳಿಗ್ಗೆ ನ್ಯಾಯಾಧೀಶೆಯ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಮಗಳ ವಯಸ್ಸಿನ ಆಕೆ ಹಣೆ ಒತ್ತಿಕೊಂಡರು.

"ಬರೆದು ಕೊಡಿ. ಆದ್ರೆ ಆ ಕಡೆ ವಕೀಲರು ಇದನ್ನ ಸುಮ್ನೆ ಬಿಡಲ್ಲ. ನಿಮ್ಮನ್ನ ಕಟಕಟೆಗೆ ಎಳೀತಾರೆ."

"ಎಳೀಲಿ ಮೇಡಂ."

ವಿಚಾರಣೆಯ ದಿನ ಜವಾನ ಬಾಗಿಲಲ್ಲಿ ನಿಂತು ಸಾಕ್ಷಿಯ ಹೆಸರು ಕೂಗಿದ. ಯಾರನ್ನು ಕರೆಯುತ್ತಿದ್ದಾನೆಂದು ಗುಮಾಸ್ತ ಅತ್ತಿತ್ತ ನೋಡಿದ. ಎರಡನೆಯ ಸಲ ಕೂಗಿದಾಗ ಅದು ತನ್ನದೇ ಹೆಸರೆಂದು ಹೊಳೆಯಿತು. ಆ ಹೆಸರು ಹಿಡಿದು ಅವನನ್ನು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ, ಅದೂ ಸಿಟ್ಟು ಬಂದಾಗ ಮಾತ್ರ.

ಲಾಂಡ್ರಿ ಮಾಲೀಕನ ವಕೀಲರು ನಗುನಗುತ್ತಲೇ ಎದ್ದರು. "ಸೀಲಿನ ತಾರೀಖಿಗೇ ಮೊಕದ್ದಮೆ ಶುರು. ಅಷ್ಟೊತ್ತಿಗೆ ಗಡುವು ಮುಗಿದಿತ್ತು. ಈ ಹೆಂಗಸರ ಮೇಲೆ ಕನಿಕರ ಬಂದು ನೀವೀಗ ಕಥೆ ಕಟ್ತಿದ್ದೀರಿ, ಅಲ್ವಾ?"

"ಇಲ್ಲ ಸ್ವಾಮಿ. ಅವರು ಹಿಂದಿನ ದಿನವೇ ಬಂದಿದ್ರು. ನಾನು ತಾರೀಖು ಮೊದಲೇ ತಿರುಗಿಸಿಟ್ಟಿದ್ದೆ. ದಿನಾ ಇಡ್ತೀನಿ."

"ಯಾಕೆ?"

"ಬೆಳಿಗ್ಗೆ ನೂಕುನುಗ್ಗಲಿರುತ್ತೆ..."

"ಒಂದು ಗಾಲಿ ತಿರುಗಿಸೋಕೆ ಚಿಟಿಕೆ ಹೊಡೆಯೋಷ್ಟು ಹೊತ್ತು ಸಾಕು. ಇಷ್ಟು ವರ್ಷ ಸರ್ವೀಸಾದ ಮನುಷ್ಯ, ಅದನ್ನ ಉಳಿಸೋಕೆ ಹಗಲಲ್ಲೇ ನಾಳೆ ತಾರೀಖು ಹಾಕ್ತೀನಿ ಅಂದ್ರೆ ನಂಬೋಕಾಗುತ್ತಾ? ನಿಜ ಹೇಳಿ."

ಗುಮಾಸ್ತ ಕಟಕಟೆಯ ಮರವನ್ನು ಹಿಡಿದುಕೊಂಡ. ಎದುರಿನ ಬೆಂಚಿನ ಮೇಲೆ ಅಕ್ಕ ತಂಗಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿಟ್ಟುಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಆದರೂ ಹೇಳಿದ.

"ಹೆಂಡತಿ ಹೋದ್ಮೇಲೆ ಹತ್ತಿದ ಅಭ್ಯಾಸ ಸ್ವಾಮಿ. ಸಂಜೆ ಆಗ್ತಾ ಬಂದ್ರೆ ನನಗೆ ಮನೆಗೆ ಹೋಗೋಕೆ ಭಯ. ಅಲ್ಲಿ ಮಾತಾಡೋಕೆ ಯಾರೂ ಇಲ್ಲ. ಇದನ್ನ ತಿರುಗಿಸಿಬಿಟ್ರೆ ಇವತ್ತಿಂದು ಮುಗೀತು, ಸಂಜೆ ಕಳೆಯೋ ಕಷ್ಟ ಇಲ್ಲ ಅಂತ ಮನಸ್ಸಿಗೆ ಸುಳ್ಳು ಹೇಳ್ಕೋಬಹುದು. ದಿನಾ ಹೇಳ್ಕೊಳ್ತಿದ್ದೆ. ಯಾರಿಗೂ ತೊಂದರೆ ಇಲ್ಲ ಅಂದ್ಕೊಂಡಿದ್ದೆ."

ಬೆರಳಚ್ಚುಗಾರ ಕೈ ನಿಲ್ಲಿಸಿದ. "ಇದನ್ನೂ ಬರ್ಕೊಳ್ಳಲಾ ಮೇಡಂ?"

"ಬರ್ಕೊಳ್ಳಿ," ಎಂದರು ನ್ಯಾಯಾಧೀಶೆ. "ಅವರು ಹೇಳಿದ ಹಾಗೇ ಬರ್ಕೊಳ್ಳಿ."

ಕೀಲಿಗಳ ಟಕಟಕ ಶಬ್ದ ಬಹಳ ಹೊತ್ತು ಕೇಳಿಸಿತು. ಬಾಗಿಲ ಬಳಿ ಜವಾನ ತಲೆ ತಗ್ಗಿಸಿದ್ದ. ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕೂತರು.

ಊಟದ ಬಿಡುವಿನ ನಂತರ ಆದೇಶ ಬಂತು. ದೂರು ಗಡುವಿನೊಳಗೆ ಬಂದಿದೆ. ಮೊಕದ್ದಮೆ ಶುರುವಾಗಿದ್ದು ಅವರು ಕಿಟಕಿಗೆ ಬಂದ ಆ ದಿನವೇ. ಗುಮಾಸ್ತನಿಗೆ ಲಿಖಿತ ಎಚ್ಚರಿಕೆ. ಅಕ್ಕ ಅವನತ್ತ ಬರಲು ಒಂದೆರಡು ಹೆಜ್ಜೆ ಇಟ್ಟಳು. ನಿಂತು ದೂರದಿಂದಲೇ ಕೈಮುಗಿದಳು. ತಂಗಿ ಇದ್ದೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ತಲೆಬಾಗಿದಳು.

ಸಂಜೆ ಕಿಟಕಿಯ ಮುಂದೆ ಯಾರೂ ಉಳಿದಿರಲಿಲ್ಲ. ಬೀಗದ ಗೊಂಚಲು ಹಿಡಿದು ಬಂದ ಜವಾನ ಸ್ವಲ್ಪ ತಡೆದು, "ಸಾಹೇಬ್ರೇ, ಮುಚ್ಚೋಣ್ವಾ?" ಎಂದ. ಎಂದಿನ 'ನಾಳೆ'ಯನ್ನು ಅವನು ನುಂಗಿಕೊಂಡಿದ್ದ.

ಗುಮಾಸ್ತನ ಹೆಬ್ಬೆರಳು ತಾನಾಗಿಯೇ ಗಾಲಿಯ ಮೇಲೆ ಹೋಗಿ ಕೂತಿತ್ತು. ಅವನು ಅದನ್ನು ತೆಗೆದ. ಸೀಲನ್ನು ಇದ್ದ ಹಾಗೇ ಡ್ರಾಯರಿನಲ್ಲಿಟ್ಟು, ಷಟರನ್ನು ಪೂರ್ತಿ ಇಳಿಸಿ, ಚೀಲ ಹೆಗಲಿಗೇರಿಸಿ ಬೀದಿಗಿಳಿದ. ಬಿಸಿಲು ಇನ್ನೂ ಮಹಡಿಗಳ ಮೇಲಿತ್ತು. ಇಡೀ ಸಂಜೆ ಹಾಗೇ ಉಳಿದಿತ್ತು.