ಮೇಲೆ ಹೋದವನು

ಅಪ್ಪ ಮೇಲೆ ಹೋದ ಅಂತ ಪುಟ್ಟಿಗೆ ಹೇಳಿದ್ದು ಪಕ್ಕದ ಮನೆಯ ಅಜ್ಜಿ. ಅವರ ಬಾಯಿಗೆ ಬೀಗ ಹಾಕುವವರು ಈ ಕಟ್ಟಡದಲ್ಲಿ ಇನ್ನೂ ಹುಟ್ಟಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಅಂದರು, ಇಲ್ಲವೆನ್ನಲಾರೆ. ಆದರೆ ಅವಳಪ್ಪ, ಅಂದರೆ ನನ್ನ ತಮ್ಮ, ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಮೇಲೆ ಹೋಗುವುದು, ಕೆಳಗೆ ಬರುವುದು ಅವನ ಹೊಟ್ಟೆಪಾಡು. ಐದು ವರ್ಷದ ಮಗು ಏನಂದುಕೊಳ್ಳಬೇಕು? ಅವತ್ತಿನಿಂದ ಪುಟ್ಟಿ ನಮ್ಮ ಮಹಡಿಯ ಲಿಫ್ಟಿನ ಮುಂದೆ ಕೂರತೊಡಗಿದಳು. ಅವಳಮ್ಮ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳುತ್ತಿರಲಿಲ್ಲ.

ಸೈನ್ಯದಿಂದ ಬಿಡುಗಡೆಯಾಗಿ ಬಂದಾಗ ತಮ್ಮನಿಗೆ ಇನ್ನೂ ಎಳೆಯ ವಯಸ್ಸು. "ಇನ್ನು ಮನೆ ಬಿಟ್ಟು ಕದಲಲ್ಲ ಅಕ್ಕ, ಹೋದ್ರೆ ಹತ್ತನೇ ಮಹಡಿವರೆಗೆ" ಅಂತ ನಕ್ಕಿದ್ದ. ಮಗಳ ಜಡೆ ಹೆಣೆಯಲು ಕಲಿತ. ಬೂಟಿನ ಲೇಸಿನಷ್ಟು ಬಿಗಿಯಾಗಿ ಎಳೆದು ಅವಳನ್ನು ಅಳಿಸುತ್ತಿದ್ದ. ಹೋದ ತಿಂಗಳು ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬೂಟು ಹಾಕಿಕೊಳ್ಳಲು ಬಗ್ಗಿದ, ಮತ್ತೆ ಏಳಲಿಲ್ಲ. ಗುಂಡಿಗೆ ಜಗ್ಗದವನಿಗೆ ಗುಂಡಿಗೆಯೇ ಕೈಕೊಟ್ಟಿತು. ನನಗೆ ಇವತ್ತಿಗೂ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ, ಅದಕ್ಕೇ ಸಿಕ್ಕಿದವರ ಮೇಲೆಲ್ಲ ಹರಿಹಾಯುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಮಧ್ಯಾಹ್ನ ಇಡೀ ಕಟ್ಟಡ ಮಲಗಿದಾಗ ಲಿಫ್ಟಿನ ಗುಂಯ್ ಸದ್ದು ನೆಲದೊಳಗಿಂದ ಹರಿದು ನನ್ನ ಮಷಿನ್ನಿನ ಸದ್ದಿಗೆ ಸೇರುತ್ತದೆ. ಎರಡೂ ಒಂದಾದರೆ ನನಗೆ ಜೋಂಪು. ಆಗ ಲಿಫ್ಟಿನ ಬಾಗಿಲು ನಮ್ಮ ನಡುಮನೆಯಲ್ಲೇ ತೆರೆಯುತ್ತದೆ. ಒಳಗೆ ಮಂಜು, ಮಂಜಿನಲ್ಲಿ ಟಾರ್ಚು ಹಿಡಿದ ತಮ್ಮ. ಅಂಗಿಯ ತುಂಬ ಗ್ರೀಸು.

"ಯಾವ ಮಹಡಿಗೋ?" ಅನ್ನುತ್ತೇನೆ.

"ನಿನ್ನ ನಾಲಿಗೆ ತಲುಪದ ಮಹಡಿಗೆ" ಅನ್ನುತ್ತಾನೆ.

ಇಬ್ಬರೂ ನಗುತ್ತೇವೆ. ನಗು ಮುಗಿಯುವ ಮೊದಲೇ ಬಾಗಿಲು ಮುಚ್ಚುತ್ತದೆ.

ನಿನ್ನೆ ಹಾಗೇ ಎಚ್ಚರಾದಾಗ ಹೊಲಿಗೆ ಬಟ್ಟೆ ದಾಟಿ ಓಡಿತ್ತು. ಹೊರಗೆ ಇಣುಕಿದೆ. ಪುಟ್ಟಿ ಇರಲಿಲ್ಲ. ಲಿಫ್ಟಿನ ಕೆಂಪು ಅಂಕಿ ಹತ್ತನ್ನು ತೋರಿಸುತ್ತಿತ್ತು. ಮೆಟ್ಟಿಲು ಹೇಗೆ ಹತ್ತಿದೆನೋ ದೇವರಿಗೇ ಗೊತ್ತು.

ತಾರಸಿಯ ಮೇಲೆ ಲಿಫ್ಟಿನ ಮೋಟಾರು ಇರುವ ಕೋಣೆ. ಪುಟ್ಟಿ ಅದರ ಕಬ್ಬಿಣದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಪುಣ್ಯಕ್ಕೆ ಬೀಗವಿತ್ತು. ನಾಳೆ ಯಾರಾದರೂ ಮರೆತರೆ ಇವಳು ಒಳಗೇ ನುಗ್ಗುತ್ತಾಳೆ.

"ಅಪ್ಪ ಇಲ್ಲೇ ಕೆಲಸ ಮಾಡ್ತಿದಾನೆ ಅತ್ತೆ. ಕೇಳು, ಸದ್ದು ಬರ್ತಿದೆ."

ಕಿವಿಯಿಟ್ಟೆ. ನಿಜವಾಗಿಯೂ ಒಳಗೆ ಯಾರೋ ಇದ್ದ ಹಾಗಿತ್ತು. ಒಂದು ಗಳಿಗೆ ನಾನೂ ನಂಬಿದೆ. ನಂಬಿಕೊಂಡೇ ಅಲ್ಲಿ ನಿಂತುಬಿಡಬೇಕೆನಿಸಿತು.

ಸತ್ತುಹೋದ ಅನ್ನೋಣವೆಂದು ಬಾಯಿ ತೆರೆದೆ. ಅದರ ಬಾಲಕ್ಕೂ 'ಹೋದ' ಅಂಟಿಕೊಂಡಿದೆ! ನಮ್ಮ ಮಾತೇ ಹೀಗೆ, ಸತ್ತವನನ್ನೂ ಎಲ್ಲಿಗೋ ಹೊರಡಿಸಿಬಿಡುತ್ತದೆ.

"ಅಪ್ಪ ಎಲ್ಲಿಗೂ ಹೋಗಿಲ್ಲ ಪುಟ್ಟಿ. ಅಪ್ಪ ಸತ್ತ. ಇನ್ನು ಬರಲ್ಲ. ಮೇಲಿಂದಲೂ ಬರಲ್ಲ, ಕೆಳಗಿಂದಲೂ ಬರಲ್ಲ."

"ನಾನು ಕರೆದ್ರೂ?"

"ನೀನು ಕರೆದ್ರೂ. ಅವನಿಗೆ ಬರೋ ಹಾಗಿದ್ದಿದ್ರೆ ಓಡಿ ಬರ್ತಿದ್ದ ಕಣೇ."

ಅಷ್ಟು ಹೇಳಿ ಕುಸಿದು ಕೂತೆ. ಇಷ್ಟು ದಿನ ಬಾರದ ಅಳು ಆಗ ಬಂತು. ಪುಟ್ಟಿ ಅಳಲಿಲ್ಲ. ಬಾಗಿಲ ಮೇಲಿನ ಕೈ ತೆಗೆದು, ನನ್ನ ಮುಖವನ್ನೇ ನೋಡಿದಳು.

"ಅಮ್ಮಂಗೆ ಗೊತ್ತಾ?"

"ಗೊತ್ತು."

"ಮತ್ತೆ ಅಮ್ಮನ್ನ ಒಬ್ಳನ್ನೇ ಬಿಟ್ಟು ಬಂದಿದೀವಲ್ಲ ಅತ್ತೆ! ಏಳು."