ಟಕ್ ಟಕ್ ಎಂದವರಿಗೆಲ್ಲ ಪಾಸ್ ಇಲ್ಲ

ನಮ್ಮೂರ ಹೆಂಗಸರ ಐಸ್ ಹಾಕಿಯಲ್ಲಿ ಬಾಯಿಬಿಟ್ಟು ಪಕ್ಕನ್ನು, ಅಂದರೆ ಚೆಂಡಿನ ಬದಲಿನ ರಬ್ಬರ್ ಬಿಲ್ಲೆಯನ್ನು, ಕೇಳುವವರು ಕಡಿಮೆ. ಸ್ಟಿಕ್ಕಿನಿಂದ ಐಸಿಗೆ ಎರಡು ಸಲ ಕುಟ್ಟಿದರೆ ‘ಇಲ್ಲಿದ್ದೀನಿ, ಕೊಡು’ ಎಂದರ್ಥ. ನಮ್ಮ ಡಿಫೆಂಡರ್ ಲೊರೇನ್ ತಲೆಯೆತ್ತದೆ, ಕುಟ್ಟಿದ ದಿಕ್ಕಿಗೆ ಕೊಟ್ಟುಬಿಡುವ ಧಾರಾಳಿ. ಸೆಮಿಫೈನಲ್ಲಿನಲ್ಲೂ ಹಾಗೇ ಆಯಿತು. ನಮ್ಮ ಗೋಲಿನ ಹಿಂದಿನಿಂದ ಪಕ್ ತಂದಳು, ಟಕ್ ಟಕ್ ಕೇಳಿಸಿತು, ಕೊಟ್ಟಳು. ಕುಟ್ಟಿದ್ದವಳು ಎದುರಾಳಿ ತಂಡದ, ಪಕ್ಕದೂರಿನ ಟ್ರೂಡಿ. ಅವಳು ಹೊಡೆದ ಪಕ್ ಸೀದಾ ನಮ್ಮ ಬಲೆಯೊಳಗೆ. ಎರಡು–ಎರಡು, ಸಮ.

ವಿರಾಮದಲ್ಲಿ ಕೋಚ್ ವೆಂಡೆಲ್ ಬಂದ. ಅವನು ಊರಿನ ರಸ್ತೆಗಳ ಹಿಮ ಗುಡಿಸುವ ಗಾಡಿಯ ಡ್ರೈವರ್. ಮಾತೂ ಅದೇ ಗಾಡಿಯ ಸದ್ದಿನದು.

“ಲೊರ್‍ರೇನ್! ಇನ್ನೊಂದ್ಸಲ ಅವರಿಗೆ ಕೊಟ್ರೆ, ಭಾನುವಾರ ಫೈನಲ್ ಪೂರ್ತಿ ನೀನು ಬೆಂಚ್ ಬೆಚ್ಚಗೆ ಮಾಡ್ತಾ ಕೂರು!”

ಅವನು ಆಚೆ ಹೋದದ್ದೇ ನಾನು ಮೂಗಿನಲ್ಲಿ ಅದೇ ಸದ್ದು ಮಾಡಿದೆ. “ಲೊರ್‍ರ್‍ರೇನ್! ಡಿಗ್ರಿ ಪಾಸು, ಪಾಸಲ್ಲಿ ಫೇಲು!”

ಎಲ್ಲರೂ ನಕ್ಕರು, ಲೊರೇನ್ ಒಬ್ಬಳನ್ನು ಬಿಟ್ಟು. “ಭಾನುವಾರ ಅಮ್ಮ ಬರ್ತಿದಾಳೆ ಕಣೇ. ನನ್ನಾಟ ನೋಡೋದು ಇದೇ ಮೊದಲು. ಬೆಂಚಲ್ಲಿ ಕೂತಿರೋ ಮಗಳನ್ನ ನೋಡೋಕೆ ಅಷ್ಟು ದೂರದ ಮೂಸ್ ಜಾ ಊರಿಂದ ಬರ್ಬೇಕಾ?”

ನನ್ನ ನಗು ಇಳಿಯಿತು. ಅವಳು ಸ್ಕೇಟಿನ ಲೇಸು ಬಿಗಿದು ತಲೆಯೆತ್ತಿದಳು.

“ಇನ್ನು ನಮ್ಮಲ್ಲಿ ಯಾರೂ ಕುಟ್ಟಬೇಡಿ. ಆಗ ಕುಟ್ಟಿದೋರೆಲ್ಲ ಅವರೇ.”

“ನಾನೂ ಸುಮ್ನಿರ್ಬೇಕಾ?”

“ನಿಂಗೋಸ್ಕರಾನೇ ಹೇಳಿದ್ದು, ಮಹಾತಾಯಿ.”

ಆಟ ಮುಗಿಯುವ ಹೊತ್ತಿಗೆ ಲೊರೇನ್ ಮತ್ತೆ ಗೋಲಿನ ಹಿಂದೆ, ಪಕ್ಕಿನೊಂದಿಗೆ. ಎಡಗಡೆ ಟಕ್ ಟಕ್. ನಾನು ಬಲಗಡೆ, ಐಸಿನ ಅಂಚಿಗೆ ಕಟ್ಟಿದ ಹಲಗೆಗೆ ಅಂಟಿಕೊಂಡು ನಿಂತಿದ್ದೆ. ಹತ್ತಿರ ಎದುರಾಳಿಗಳೇ ಇಲ್ಲ, ಕೈ ಮಾತ್ರ ಕುಟ್ಟಲು ಹಪಹಪಿಸುತ್ತಿತ್ತು. ಲೊರೇನ್ ಎಡಕ್ಕೆ ಸ್ಟಿಕ್ ಬೀಸಿದಂತೆ ಮಾಡಿದಳು. ಟ್ರೂಡಿ ಅತ್ತ ನುಗ್ಗಿದಳು. ಪಕ್ ಮಾತ್ರ ಬಲಗಡೆಯ ಹಲಗೆಗೆ ತಾಗಿ, ಪುಟಿದು ನನ್ನ ಬಳಿ ಬಂತು. ನಿಲ್ಲಿಸದೆ ನಡುವಿಗೆ ತಳ್ಳಿದೆ. ಅಲ್ಲಿ ನಮ್ಮ ಫಾರ್ವರ್ಡ್ ಒಲೆಸ್ಯಾ ಆಗಲೇ ವೇಗ ಹಿಡಿದಿದ್ದಳು. ಅವರ ಕಡೆಯ ನೀಲಿ ಗೆರೆ ದಾಟಿದಳು, ಗೋಲ್‌ಕೀಪರಳನ್ನು ಒಂದು ಕಡೆಗೆ ಎಳೆದು ಇನ್ನೊಂದು ಕಡೆಯಿಂದ ಪಕ್ ಬಲೆಗೆ ಹಾಕಿದಳು.

ಗೆದ್ದೆವು. ಕೈಕುಲುಕುವ ಸಾಲಿನಲ್ಲಿ ಟ್ರೂಡಿ ಲೊರೇನಳ ಕೈ ಬಿಡಲಿಲ್ಲ.

“ಅಷ್ಟು ಚೆನ್ನಾಗಿ ಕುಟ್ಟಿದ್ನಲ್ಲೇ, ಯಾಕೆ ಕೊಡ್ಲಿಲ್ಲ?”

“ಕುಟ್ಟಿದ್ದಕ್ಕೇ.”

ವೆಂಡೆಲ್ ಲೊರೇನಳ ಹೆಲ್ಮೆಟ್ಟಿಗೆ ಒಂದು ಗುದ್ದಿ ಮುಂದೆ ಹೋದ. ಅವಳು ಸ್ಕೇಟ್ ಕೂಡ ಬಿಚ್ಚದೆ ಫೋನ್ ಹಿಡಿದಳು.

“ಅಮ್ಮಾ, ಭಾನುವಾರ ನಮ್ಮ ಗೋಲಿನ ಹಿಂದೆ ಕೂತ್ಕೋ. ನಾನು ಹೆಚ್ಚಾಗಿ ಅಲ್ಲೇ ಸಿಗ್ತೀನಿ.”